ವರದಿಯ ಪ್ರಕಾರ ಸಾಯದ ರಣಹದ್ದು

ಪವನ ವಿದ್ಯುತ್ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ನಿಮ್ಮ ಹೊಸ ಪ್ರದರ್ಶನಾಲಯದ ನಡುವೆ ರೆಕ್ಕೆ ಬಿಚ್ಚಿಕೊಂಡು ನಿಂತಿರುವ ರಣಹದ್ದು ಸತ್ತಿದೆಯೋ ಬದುಕಿದೆಯೋ ಎಂಬುದನ್ನು ತಾವು ದಯವಿಟ್ಟು ತಿಳಿಸಬೇಕು. ಪ್ರಶ್ನೆ ಬಾಲಿಶವಾಗಿ ಕಂಡರೆ ಕ್ಷಮಿಸಿ. ಬೆಟ್ಟದ ಸಾಲಿನ ಗಾಳಿಯಂತ್ರಗಳಿಂದ ಈವರೆಗೆ ಒಂದೇ ಒಂದು ರಣಹದ್ದೂ ಸತ್ತಿಲ್ಲ ಎಂದು ನಿಮ್ಮ ವಾರ್ಷಿಕ ವರದಿ ಹೇಳುತ್ತದೆ. ಅದೇ ಸಾಲಿನ ಗಾಳಿಯಂತ್ರಕ್ಕೆ ಸಿಕ್ಕಿ ಸತ್ತ ರಣಹದ್ದಿನ ಚರ್ಮದೊಳಗೆ ನಾನು ಹತ್ತಿ ತುಂಬಿದ್ದೇನೆ. ನಮ್ಮಿಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪಿರಬೇಕು.

ಇಷ್ಟೇ ಆಗಿದ್ದರೆ ಈ ಬಹಿರಂಗ ಪತ್ರ ಬರೆದು ಪತ್ರಿಕೆಯ ಜಾಗ ಹಾಳುಮಾಡುತ್ತಿರಲಿಲ್ಲ. ಲೆಕ್ಕ ತಪ್ಪುವುದು ದೊಡ್ಡ ಕಚೇರಿಗಳ ಆರೋಗ್ಯದ ಲಕ್ಷಣ ಎಂದು ಸುಮ್ಮನಿರುತ್ತಿದ್ದೆ. ಆದರೆ ಸತ್ತ ಹಕ್ಕಿಯ ಜೋಡಿ ಅದೇ ಬೆಟ್ಟದ ಕಡಿದಾದ ಬಂಡೆಯ ಮೇಲೆ, ಕಡ್ಡಿಗಳ ಗೂಡಿನಲ್ಲಿ, ಒಂದು ಮರಿಯನ್ನು ಇಟ್ಟುಕೊಂಡು ಕೂತಿದೆ. ಆಹಾರ ತರಲು ಅದು ನಿತ್ಯ ನಿಮ್ಮ ಎರಡು ಯಂತ್ರಗಳ ನಡುವೆ ಹಾದುಹೋಗಬೇಕು. ಮರಿ ಹಾರುವ ತನಕ ಬಿಸಿಲ ಹೊತ್ತಿನಲ್ಲಿ ಆ ಎರಡನ್ನು ಮಾತ್ರ ನಿಲ್ಲಿಸಿ ಎಂದು ನಾನು ತಮಗೆ ಬರೆದಿದ್ದೆ. 'ದಾಖಲೆಗಳ ಪ್ರಕಾರ ಯಾವುದೇ ಪಕ್ಷಿ ಮರಣ ಸಂಭವಿಸದ ಕಾರಣ ತಮ್ಮ ಕೋರಿಕೆ ಉದ್ಭವಿಸುವುದಿಲ್ಲ' ಎಂಬ ಉತ್ತರ ಬಂತು. ಕೋರಿಕೆ ಆಗಲೇ ಉದ್ಭವಿಸಿ ನಿಮ್ಮ ಮೇಜಿನ ಮೇಲೆ ಬಿದ್ದಿತ್ತಲ್ಲ, ಅದಕ್ಕೇನು ಮಾಡೋಣ? ಅದೇ ಉತ್ತರದ ಕೊನೆಯಲ್ಲಿ, ಉದ್ಘಾಟನೆಗೆ ಮುನ್ನ ಪಕ್ಷಿಯನ್ನು ತಪ್ಪದೆ ತಲುಪಿಸಬೇಕು ಎಂಬ ಸೂಚನೆಯೂ ಇತ್ತು. ಸಾಯದ ಪಕ್ಷಿಯನ್ನು, ಹತ್ತಿ ತುಂಬಿದ ಸ್ಥಿತಿಯಲ್ಲಿ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಗರದ ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ಸತ್ತ ಪ್ರಾಣಿಗಳ ಚರ್ಮ ಸುಲಿದು, ಹದ ಮಾಡಿ, ತಂತಿ ಕಟ್ಟಿ, ಗಾಜಿನ ಕಣ್ಣು ಕೂರಿಸಿ ನಿಲ್ಲಿಸುವುದು ನನ್ನ ಕೆಲಸ. ಕೋಣೆಗೆ ಒಂದೇ ಕಿಟಕಿ. ಅದರಿಂದ ಬೆಟ್ಟದ ಸಾಲು ಕಾಣುತ್ತದೆ, ನಿಮ್ಮ ಯಂತ್ರಗಳು ಕಾಣುತ್ತವೆ. ನಾನು ಅವುಗಳ ವೈರಿಯಲ್ಲ. ನನ್ನ ಮೇಜಿನ ದೀಪ ಅವುಗಳ ಕರೆಂಟಿನಿಂದಲೇ ಉರಿಯುತ್ತದೆ. ನಿಮ್ಮ ರಣಹದ್ದು ಬಂದಾಗ ಅದನ್ನು ಕೆಡದಂತೆ ಇಟ್ಟ ಫ್ರಿಜ್ಜೂ ಅದೇ ಕರೆಂಟಿನಿಂದ ಓಡಿತು. ಕೊಂದದ್ದೂ ಕಾಪಾಡಿದ್ದೂ ಒಂದೇ ಗಾಳಿ ಎಂದು ಆಗ ಯೋಚಿಸಿದ್ದೆ. ಇಂಥ ಯೋಚನೆಗಳು ಬರುವುದು ಆ ಕೋಣೆಯ ದೋಷ, ಅಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ.

ಒಂದು ರೀತಿಯಲ್ಲಿ ನಾವಿಬ್ಬರೂ ಒಂದೇ ವೃತ್ತಿಯವರು. ಸತ್ತದ್ದು ಸತ್ತಂತೆ ಕಾಣಬಾರದು, ಅಷ್ಟೇ ನಮ್ಮ ಗುರಿ. ನಾನು ಹತ್ತಿಯಿಂದ ಮಾಡುತ್ತೇನೆ, ನೀವು ವರದಿಯಿಂದ. ವ್ಯತ್ಯಾಸ ಇಷ್ಟೇ: ನನ್ನ ಕೆಲಸವನ್ನು ನೋಡಿ ಮೋಸಹೋಗಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಮೋಸ ಎಂದು ಗೊತ್ತಿದ್ದೇ ಬರುತ್ತಾರೆ.

ಹಕ್ಕಿ ನನ್ನ ಬಳಿ ಬಂದ ಬಗೆ ಸ್ವಾರಸ್ಯವಾಗಿದೆ. ನಿಮ್ಮ ಪ್ರಾಧಿಕಾರದಲ್ಲಿ ಪರಿಸರ ವಿಭಾಗ ಅಂತ ಒಂದಿದೆ, ಪ್ರದರ್ಶನ ವಿಭಾಗ ಅಂತ ಇನ್ನೊಂದಿದೆ. ಇವೆರಡೂ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿವೆ, ಲಿಫ್ಟ್ ಒಂದೇ. ಪರಿಸರ ವಿಭಾಗದವರು ಪ್ರತಿ ತಿಂಗಳೂ ಬೆಟ್ಟದ ಸೈಟ್ ಆಫೀಸಿಗೆ ಕೇಳುತ್ತಾರೆ: ಹಕ್ಕಿ ಏನಾದರೂ ಸತ್ತಿದೆಯೇ? ಇಲ್ಲ ಎಂದು ಉತ್ತರ ಹೋಗುತ್ತದೆ. ಈ ಸಲ ಪ್ರದರ್ಶನ ವಿಭಾಗದವರು ಕೇಳಿದರು: ಪ್ರದರ್ಶನಕ್ಕಿಡಲು ಒಳ್ಳೆಯ ಹಕ್ಕಿ ಏನಾದರೂ ಸಿಗಬಹುದೇ? ಯಾವ ಸೈಜಿನದು ಬೇಕು ಎಂದು ಸೈಟ್ ಆಫೀಸಿನವರು ಕೇಳಿದರಂತೆ.

ಇದನ್ನು ಹೇಳಿದ್ದು ನನ್ನ ಭಾವ, ಅಂದರೆ ಅಕ್ಕನ ಗಂಡ. ಅವರು ಬೆಟ್ಟದ ಮೇಲೆ ಯಂತ್ರಗಳ ದುರಸ್ತಿ ಮಾಡುತ್ತಾರೆ. ಹಕ್ಕಿಯನ್ನು ಐಸ್ ಡಬ್ಬಿಯಲ್ಲಿಟ್ಟು ತಂದವರೂ ಅವರೇ. ಡಬ್ಬಿ ಚಿಕ್ಕದು, ಹಕ್ಕಿ ದೊಡ್ಡದು. ಒಂದು ರೆಕ್ಕೆ ಬೇರೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿತ್ತು.

"ಇದೇನು ಭಾವ, ಎರಡು ಕಂತಿನಲ್ಲಿ ಬಂದಿದೆ?" ಎಂದೆ.

"ಬ್ಲೇಡಿಗೆ ಸಿಕ್ಕಿದ್ದು ಇಡಿಯಾಗಿ ಬರತ್ತಾ? ನೀನು ಹೊಲಿಯೋನಲ್ವಾ, ಹೊಲಿ" ಎಂದರು. ಕುರ್ಚಿ ಎಳೆದುಕೊಂಡು ಕೂತರು, ಬಾಗಿಲ ಬಳಿ ನಾನು ಹತ್ತಿ ತುಂಬಿ ನಿಲ್ಲಿಸಿದ ತೋಳಕ್ಕೆ ಬೆನ್ನು ಮಾಡಿ. ಆ ತೋಳ ತಮ್ಮನ್ನೇ ನೋಡುತ್ತದೆ ಎಂಬುದು ಅವರ ಹಳೆಯ ದೂರು.

"ಮತ್ತೆ ಯಾವ ಹಕ್ಕಿಯೂ ಸತ್ತಿಲ್ಲ ಅಂತ ಬರೆದಿದ್ದಾರಲ್ಲ?"

"ಅದು ಸುಳ್ಳಲ್ಲಪ್ಪ. ಕಂಬದ ಸುತ್ತ ಬೇಲಿ ಇದೆ. ಬೇಲಿ ಒಳಗೆ ಬಿದ್ದಿದ್ದನ್ನ ಮಾತ್ರ ಎಣಿಸ್ಬೇಕು. ಇದು ಇಳಿಜಾರಿಗೆ ಹೋಗಿ ಬಿದ್ದಿತ್ತು. ಆಚೆ ಕಡೆ."

"ಬ್ಲೇಡು ಬೇಲಿ ದಾಟಿ ಚಾಚುತ್ತೆ ಅಲ್ವಾ ಭಾವ?"

"ಚಾಚತ್ತೆ. ಬ್ಲೇಡು ದಾಟಬಹುದು, ಎಣಿಸೋನು ದಾಟಬಾರದು. ಆಚೆ ಕಡೆ ಇಳಿಜಾರು, ಕಾಲು ಜಾರತ್ತೆ, ಸೇಫ್ಟಿ ಅಂತ ರೂಲ್ಸ್ ಇದೆ." ಚೀಲದ ಬಾಯಿ ಬಿಚ್ಚಿ, "ಈ ಹದ್ದುಗಳು ದಡ್ಡಮುಂಡೇವು ಕಣಯ್ಯ, ಮುಂದೆ ನೋಡಲ್ಲ. ತಲೆ ಬಗ್ಗಿಸಿ ನೆಲ ನೋಡ್ಕೊಂಡೇ ಹಾರ್ತವೆ" ಎಂದರು. ಬೈಯುತ್ತಲೇ ಚೀಲದೊಳಗಿನ ರೆಕ್ಕೆಯ ಗರಿಗಳನ್ನು ಬೆರಳಿನಿಂದ ನೇವರಿಸಿ ಸರಿಮಾಡುತ್ತಿದ್ದರು.

ಅಧ್ಯಕ್ಷರೇ, ನನ್ನ ಭಾವ ಯಾರೆಂದು ಹುಡುಕಿಸುವ ಶ್ರಮ ತೆಗೆದುಕೊಳ್ಳಬೇಡಿ. ಅವರು ಗುತ್ತಿಗೆದಾರರ ಕಡೆಯ ಕೆಲಸಗಾರರು, ನಿಮ್ಮ ಸಿಬ್ಬಂದಿಯ ಲೆಕ್ಕದಲ್ಲಿಲ್ಲ. ಅವರೂ ಬೇಲಿಯ ಆಚೆಯವರೇ.

ಕೆಲಸ ಶುರುಮಾಡಿದೆ. ಒಳಗೆ ನೋಡಿದಾಗ ಹೆಣ್ಣು ಎಂದು ತಿಳಿಯಿತು. ಗಂಟಲಚೀಲ ತುಂಬಿತ್ತು. ರಣಹದ್ದು ಮರಿಗೆ ಉಣಿಸಲು ಆಹಾರವನ್ನು ಗಂಟಲಚೀಲದಲ್ಲಿ ತುಂಬಿಕೊಂಡು ತರುತ್ತದೆ, ಗೂಡಿನಲ್ಲಿ ಕಕ್ಕಿ ಕೊಡುತ್ತದೆ. ಚೀಲ ತುಂಬಿತ್ತು ಎಂದರೆ ಅದು ಮನೆಗೆ ಹೊರಟಿತ್ತು ಎಂದರ್ಥ. ನನ್ನ ವೃತ್ತಿಯಲ್ಲಿ ಪ್ರಾಣಿ ಎಲ್ಲಿಗೆ ಹೊರಟಿತ್ತು ಎಂದು ಕೇಳುವ ಪದ್ಧತಿ ಇಲ್ಲ. ಬಂದದ್ದು ಬಂದಂತೆ, ನಿಲ್ಲುವ ಭಂಗಿಯೊಂದನ್ನು ಯೋಚಿಸಿದರೆ ಸಾಕು. ಆ ದಿನ ಯಾಕೋ ಭಂಗಿ ಹೊಳೆಯಲಿಲ್ಲ.

ಭಂಗಿಯ ಬಗ್ಗೆ ನಿಮ್ಮ ಪ್ರದರ್ಶನ ವಿಭಾಗದ ಅಧಿಕಾರಿಗೆ ಸ್ಪಷ್ಟ ಕಲ್ಪನೆಯಿತ್ತು. ಚುರುಕಾದ ಹೆಣ್ಣುಮಗಳು, ಮಾತು ನೇರ. ಫೋನಿನಲ್ಲಿ ಕೇಳಿದರು:

"ಸರ್, ಸ್ವಲ್ಪ ಖುಷಿಯಾಗಿ ಕಾಣೋ ಹಾಗೆ ಮಾಡಕ್ಕಾಗತ್ತಾ?"

"ಮೇಡಂ, ಅದು ರಣಹದ್ದು."

"ಗೊತ್ತು ಸರ್. ಆದ್ರೆ ಶಾಲೆ ಮಕ್ಕಳು ಬರ್ತಾರೆ. ಕುತ್ತಿಗೆ ಬೋಳಾಗಿದೆಯಂತಲ್ಲ? ನಾಲ್ಕು ಗರಿ ಹಚ್ಚಿದ್ರೆ?"

"ಹಚ್ಚಿದರೆ ಕೋಳಿಯಾಗುತ್ತೆ."

"ಹೋಗ್ಲಿ ಬಿಡಿ. ರೆಕ್ಕೆ ಮಾತ್ರ ಪೂರ್ತಿ ಬಿಚ್ಚಿರಲಿ. ನಮ್ಮ ಥೀಮು, ಗಾಳಿ ಎಲ್ಲರದೂ ಅಂತ."

ರೆಕ್ಕೆ ಪೂರ್ತಿ ಬಿಚ್ಚಿದೆ. ಮುರಿದ ರೆಕ್ಕೆಯೊಳಗೆ ತಂತಿ ಹಾಕಿ ಕೂಡಿಸಿದ ಜಾಗ ಈಗ ಯಾರಿಗೂ ಕಾಣುವುದಿಲ್ಲ. ಹೊಗಳಿಕೊಳ್ಳುವುದು ನನ್ನ ಸ್ವಭಾವವಲ್ಲ, ಆದರೆ ನಿಮ್ಮ ವರದಿಯಲ್ಲೂ ಹೊಲಿಗೆ ಇಷ್ಟು ಚೆನ್ನಾಗಿ ಮುಚ್ಚಿಲ್ಲ.

ತುಂಬಿದ ಗಂಟಲಚೀಲದ ವಿಷಯ ಅಕ್ಕನಿಗೆ ಹೇಳಬಾರದಿತ್ತು, ಹೇಳಿದೆ. ಮರುದಿನವೇ ಬೆಟ್ಟಕ್ಕೆ ಹೊರಡಬೇಕು ಎಂದಳು. ಭಾವ ವ್ಯಾನು ಓಡಿಸಿದರು. ಕೆಳಗಿನ ರಸ್ತೆಯ ತಿರುವಿನಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದೆವು. ಬಂಡೆಗೆ ಸುಣ್ಣ ಬಳಿದಂತೆ ಹಿಕ್ಕೆಯ ಬಿಳಿ ಗೆರೆ, ಅದರ ಮೇಲೆ ಗೂಡು. ಬೂದು ನೂಲಿನ ಉಂಡೆಯಂಥ ಮರಿ, ಪಕ್ಕದಲ್ಲಿ ಗಂಡು ಹಕ್ಕಿ. ರಣಹದ್ದುಗಳ ಸಂಸಾರದಲ್ಲಿ ಒಂದು ಹೊರಗೆ ಹೋದಾಗ ಇನ್ನೊಂದು ಮರಿ ಕಾಯುತ್ತದೆ. ಈಗ ಕಾಯಲು ಕೂತರೆ ಆಹಾರ ಇಲ್ಲ. ಆಹಾರಕ್ಕೆ ಹೋದರೆ ಮರಿ ಬಿಸಿಲಿಗೆ, ಕಾಗೆಗಳಿಗೆ. ಗಂಡು ಹಕ್ಕಿ ಅಂಚಿಗೆ ಬರುತ್ತಿತ್ತು, ರೆಕ್ಕೆ ಅರ್ಧ ಬಿಚ್ಚುತ್ತಿತ್ತು, ಮತ್ತೆ ಮುಚ್ಚಿಕೊಂಡು ಗೂಡಿಗೆ ಮರಳುತ್ತಿತ್ತು. ಹೀಗೆ ಎಷ್ಟೋ ಸಲ.

"ಪಾಪ, ಮರೀನ ತಾನೊಂದೇ ಸಾಕ್ತಿದೆ ನೋಡ್ರೀ" ಎಂದಳು ಅಕ್ಕ, ಗಂಡನ ಕಡೆ ತಿರುಗಿ. "ನೀವಾಗಿದ್ರೆ ಪಕ್ಕದ ಮನೆಯವರ ಕೈಗೆ ಕೊಟ್ಟು ಡ್ಯೂಟಿ ಇದೆ ಅಂತ ಹೋಗ್ತಿದ್ರಿ."

"ಅದಕ್ಕೆ ಪಕ್ಕದ ಮನೆ ಇಲ್ವಲ್ಲೇ. ಈ ಬಂಡೆ ಮೇಲೆ ಮೊದಲು ಎಷ್ಟೊಂದು ಗೂಡಿತ್ತು. ಈಗ ಇದೊಂದೇ."

ಆಮೇಲೆ ಅದು ಹಾರಿತು. ಬಿಸಿಗಾಳಿಯ ಮೇಲೆ ಸುತ್ತುತ್ತ ಏರಿ, ರೆಕ್ಕೆ ಬಡಿಯದೆ, ತಲೆ ಬಗ್ಗಿಸಿಕೊಂಡು, ನಿಮ್ಮ ಎರಡು ಯಂತ್ರಗಳ ನಡುವಿನ ತಗ್ಗಿನತ್ತ ಸಾಗಿತು. ಗಾಳಿ ಅಲ್ಲೇ ಹರಿಯುತ್ತದೆ, ಆದ್ದರಿಂದ ಹಕ್ಕಿಯ ದಾರಿಯೂ ಅದೇ, ನಿಮ್ಮ ಎಂಜಿನಿಯರುಗಳ ಆಯ್ಕೆಯೂ ಅದೇ. ಇಬ್ಬರೂ ಗಾಳಿಯನ್ನು ಬಲ್ಲವರು. ಅಕ್ಕ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡಳು.

"ದಾಟ್ತಾ? ದಾಟ್ತೇನೋ? ಹೇಳೋ."

"ದಾಟಿತು."

"ಇನ್ನು ವಾಪಸ್ ಬರಬೇಕಲ್ಲ" ಎಂದಳು. "ರೀ, ಅದನ್ನ ನಿಲ್ಸಕ್ಕೆ ಆಗಲ್ವಾ?"

ಭಾವ ನಕ್ಕರು. "ಯಾಕಾಗಲ್ಲ? ಒಂದು ಗುಂಡಿ ಒತ್ತಿದ್ರೆ ನಿಲ್ಲತ್ತೆ. ಎಣ್ಣೆ ಹಾಕಕ್ಕೆ ನಿಲ್ಸ್ತೀವಿ. ಅಧ್ಯಕ್ಷರು ಕ್ಯಾಲೆಂಡರಿಗೆ ಫೋಟೋ ತೆಗೆಸ್ಕೊಳಕ್ಕೆ ಬಂದಾಗ ಮಧ್ಯಾಹ್ನ ಪೂರ್ತಿ ನಿಲ್ಸಿರಲಿಲ್ವಾ? ಬ್ಲೇಡು ತಿರುಗ್ತಾ ಇದ್ರೆ ಫೋಟೋದಲ್ಲಿ ಮಸುಕಾಗಿ ಬರತ್ತಂತೆ. ಇವೇ ಎರಡು."

ಆ ಕ್ಯಾಲೆಂಡರ್ ನನ್ನ ಕೋಣೆಯಲ್ಲೂ ಇದೆ. ತಾವು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೀರಿ, ಹಿಂದೆ ಬ್ಲೇಡುಗಳು ನಿಶ್ಚಲ. ಚಿತ್ರ ಚೆನ್ನಾಗಿದೆ. ಹಿನ್ನೆಲೆಯ ಆಕಾಶದಲ್ಲಿ, ತಮ್ಮ ಎಡಗಿವಿಯ ಹತ್ತಿರ, ಎರಡು ಕಪ್ಪು ಚುಕ್ಕೆಗಳಿವೆ. ಮುದ್ರಣದ ದೋಷವಿರಬಹುದು. ಹಕ್ಕಿಗಳೇ ಆಗಿದ್ದರೆ, ಅವು ತಮ್ಮ ಭಾವಚಿತ್ರದ ದೆಸೆಯಿಂದ ಒಂದು ಮಧ್ಯಾಹ್ನ ನೆಮ್ಮದಿಯಾಗಿ ಹಾರಿರಬೇಕು. ಹಾಗಾದರೆ ಪಕ್ಷಿ ಸಂರಕ್ಷಣೆಗೆ ನಿಮ್ಮ ಪ್ರಾಧಿಕಾರ ಈವರೆಗೆ ಕೈಗೊಂಡ ಅತ್ಯಂತ ಪರಿಣಾಮಕಾರಿ ಕ್ರಮ ಅದೇ ಇರಬೇಕು. ಅದನ್ನು ವರದಿಯಲ್ಲಿ ಸೇರಿಸದೆ ಬಿಟ್ಟದ್ದು ವಿನಯವೇ?

ಊರಿಗೆ ಮರಳಿದ ಮೇಲೆ ತಮಗೆ ಬರೆದೆ. ಬಂದ ಉತ್ತರವನ್ನು ಮೊದಲೇ ಹೇಳಿದ್ದೇನೆ. ಆ ಬಳಿಕ ಹಕ್ಕಿಯನ್ನು ತಲುಪಿಸಲು ತಮ್ಮ ಪ್ರದರ್ಶನಾಲಯಕ್ಕೆ ನಾನೇ ಬಂದೆ. ಇನ್ನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ಏಕೆಂದರೆ ಈ ಪತ್ರದಲ್ಲಿ ತಮ್ಮ ಕಚೇರಿಯನ್ನು ಮನಸಾರೆ ಹೊಗಳುವ ಭಾಗ ಇದೊಂದೇ.

ಅಲ್ಲಿ ಹೊಸ ಬಣ್ಣದ ವಾಸನೆಯಿತ್ತು. ನಡುವೆ ಗಾಳಿಯಂತ್ರದ ಮಾದರಿ, ಆಳಿನೆತ್ತರದ್ದು. ಗುಂಡಿ ಒತ್ತಿದರೆ ಬ್ಲೇಡು ತಿರುಗುತ್ತದೆ. ಅದರ ಪಕ್ಕದ ಪೀಠದ ಮೇಲೆ ಹಕ್ಕಿಯನ್ನು ನಿಲ್ಲಿಸಿದೆವು. ಎಲೆಕ್ಟ್ರಿಷಿಯನ್ ಪರೀಕ್ಷೆಗೆಂದು ಗುಂಡಿ ಒತ್ತಿದ. ಬ್ಲೇಡು ಮೆಲ್ಲಗೆ ಬಂದು ಹಕ್ಕಿಯ ರೆಕ್ಕೆಯ ತುದಿಗರಿಗೆ ತಾಗಿತು. ಸಣ್ಣ ಶಬ್ದ, ಯಾರೋ ಪುಸ್ತಕದ ಪುಟ ತಿರುವಿದ ಹಾಗೆ.

"ಅಯ್ಯೋ, ನಿಲ್ಸಿ! ನಿಲ್ಸ್ರೀ ಅದನ್ನ!"

ಕೂಗಿದ್ದು ನಿಮ್ಮ ಅಧಿಕಾರಿ. ಕೈಯಲ್ಲಿದ್ದ ಕಾಗದಗಳನ್ನು ನೆಲಕ್ಕೆ ಬಿಟ್ಟು ಓಡಿಬಂದರು. ಎಲೆಕ್ಟ್ರಿಷಿಯನ್ ಬೆಚ್ಚಿ ಪ್ಲಗ್ಗನ್ನೇ ಕಿತ್ತ.

"ನೋಡ್ಕೊಂಡು ಹಾಕಬಾರದೇನ್ರೀ? ರೆಕ್ಕೆ ಅಷ್ಟು ಅಗಲ ಇದೆ, ಕಾಣಲ್ವಾ?"

"ಹಕ್ಕೀನ ಆ ಕಡೆ ಸರಿಸ್ಲಾ ಮೇಡಂ?"

"ಹಕ್ಕಿ ಯಾಕ್ರೀ ಸರೀಬೇಕು? ಮಷೀನ್ ಸರಿಸಿ!"

ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಸರ್, ಹಕ್ಕಿಗೆ ಏನೂ ಆಗಿಲ್ಲ ತಾನೆ?"

ಅಧ್ಯಕ್ಷರೇ, ನಿಮ್ಮ ಪ್ರಾಧಿಕಾರದಿಂದ ಈ ಪ್ರಶ್ನೆಗಾಗಿ ನಾನು ಕಾದಿದ್ದೆ. ಬಂತು, ಸತ್ತ ಹಕ್ಕಿಯ ಬಗ್ಗೆ ಬಂತು, ಆದರೂ ಬಂತು. ಆ ಕೂಗಿಗೆ ಯಾವ ಕಡತವೂ ಬೇಕಾಗಲಿಲ್ಲ. ಗರಿ ಬಿದ್ದದ್ದು ಯಾವ ಬೇಲಿಯ ಒಳಗೆ ಎಂದು ಯಾರೂ ಅಳೆಯಲಿಲ್ಲ. ಮಷೀನು ಸರಿಸಿದರೆ ಎಷ್ಟು ಯೂನಿಟ್ ನಷ್ಟ ಎಂದು ಕೇಳಲಿಲ್ಲ. ಸಂಜೆಯೊಳಗೆ ಎಲೆಕ್ಟ್ರಿಷಿಯನ್ ಮಾದರಿಯನ್ನು ಒಂದು ಮೂಲೆಗೆ ಒಯ್ದು, ಬ್ಲೇಡಿನ ಮಾರ್ಗಕ್ಕೆ ಏನೇ ಬಂದರೂ ತಾನಾಗಿ ನಿಲ್ಲುವಂತೆ ಒಂದು ಸಾಧನವನ್ನೂ ಕೂರಿಸಿದ. ಅಂದರೆ ತುಂಬಿದ ರಣಹದ್ದನ್ನು ಗಾಳಿಯಂತ್ರದಿಂದ ಕಾಪಾಡುವ ವಿದ್ಯೆ ನಿಮ್ಮಲ್ಲಿ ಸಂಪೂರ್ಣವಾಗಿದೆ. ಅದಕ್ಕೆ ಒಂದೇ ಅರ್ಹತೆ ಬೇಕು, ಹಕ್ಕಿ ಮೊದಲು ಸತ್ತಿರಬೇಕು.

ತಮ್ಮ ಪರವಾಗಿ ಹೇಳಬಹುದಾದ ಮಾತುಗಳನ್ನೂ ನಾನು ಬಲ್ಲೆ, ನನ್ನಷ್ಟಕ್ಕೆ ನಾನು ಆಡಿಕೊಂಡೂ ಇದ್ದೇನೆ. ಕಿಟಕಿ ಗಾಜಿಗೆ ಬಡಿದು, ಬೆಕ್ಕಿನ ಬಾಯಿಗೆ ಸಿಕ್ಕಿ ಸಾಯುವ ಹಕ್ಕಿಗಳು ಹೆಚ್ಚು. ನಿಜ, ನನ್ನ ಫ್ರಿಜ್ಜಿನಲ್ಲಿ ಅಂಥ ಗುಬ್ಬಚ್ಚಿಗಳೇ ತುಂಬಿವೆ. ಆದರೆ ಗುಬ್ಬಚ್ಚಿಗೆ ಮುಂದಿನ ಕಂತಿನ ಮೊಟ್ಟೆಗಳಿವೆ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಆ ಒಂದಕ್ಕೇ ತಂದೆತಾಯಿ ಇಬ್ಬರೂ ದುಡಿಯುತ್ತಾರೆ. ಬೆಟ್ಟದಲ್ಲಿ ಉಳಿದಿರುವುದು ಒಂದೇ ಗೂಡು ಎಂದಮೇಲೆ ಸರಾಸರಿ ಎಂಬ ಪದಕ್ಕೆ ಅರ್ಥವೇನು? ಕಲ್ಲಿದ್ದಲ ಹೊಗೆಗಿಂತ ಗಾಳಿ ಮೇಲು ಎನ್ನುವಿರಿ. ಅದೂ ನಿಜ. ನನಗೂ ಗಾಳಿಯೇ ಬೇಕು. ಆದರೆ ಭೂಮಿಯನ್ನು ಉಳಿಸಲೆಂದು ನೆಟ್ಟ ಯಂತ್ರದ ಬುಡದಲ್ಲಿ, ಉಳಿಸಬೇಕಾದ್ದರ ಒಂದು ತುಂಡು ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕರೆ, ಯಾರಿಗಾಗಿ ಉಳಿಸುತ್ತಿದ್ದೇವೆ ಎಂಬ ಅನುಮಾನ ಬರುವುದಿಲ್ಲವೇ? ಒಬ್ಬನೇ ಕೋಣೆಯಲ್ಲಿ ಕೂತರೆ ಬರುತ್ತದೆ. ಸಭೆಯಲ್ಲಿ ಕೂತರೆ ಬಾರದಿರಬಹುದು.

ಸಾಲಿನ ಮುಂದಿನ ದಿಬ್ಬದ ಮೇಲೂ ಯಂತ್ರಗಳು ಬರಲಿವೆಯಂತೆ, ಅಲ್ಲಿ ಹಕ್ಕಿಗಳ ಸಮೀಕ್ಷೆ ಮುಗಿಯಿತಂತೆ, ಒಂದೂ ಸಿಗಲಿಲ್ಲವಂತೆ. ಆ ಸಮೀಕ್ಷೆಯನ್ನು ದಯವಿಟ್ಟು ಇನ್ನೊಮ್ಮೆ ಪ್ರದರ್ಶನ ವಿಭಾಗಕ್ಕೆ ವಹಿಸಿ. ಅವರು ಕೇಳಿದರೆ ಹಕ್ಕಿಗಳು ಸಿಗುತ್ತವೆ.

ಈಗ ನನ್ನ ಬೇಡಿಕೆ. ಬಂಡೆಯ ಎದುರಿನ ತಗ್ಗಿನ ಎರಡೂ ಬದಿಯ ಯಂತ್ರಗಳನ್ನು, ಮರಿ ಗೂಡು ಬಿಟ್ಟು ಹಾರುವ ತನಕ, ಬಿಸಿಗಾಳಿ ಏಳುವ ಹೊತ್ತಿನಿಂದ ಸಂಜೆಯ ತನಕ ನಿಲ್ಲಿಸಿ. ರಾತ್ರಿಯಿಡೀ ತಿರುಗಲಿ, ರಣಹದ್ದು ಆಗ ಹಾರುವುದಿಲ್ಲ, ಗಾಳಿ ಮಾತ್ರ ಬೀಸುತ್ತಿರುತ್ತದೆ. ಎಣಿಸುವವರು ಬೇಲಿ ದಾಟಲಿ, ಕಾಲು ಜಾರದಂತೆ ಅವರಿಗೆ ಹಗ್ಗ ಕೊಡಿಸಿ. ಮತ್ತು ತಮ್ಮ ಪ್ರದರ್ಶನಾಲಯದಲ್ಲಿ, ಹಕ್ಕಿಯ ಪೀಠದ ಮೇಲೆ 'ನಮ್ಮ ಬೆಟ್ಟದ ಅತಿಥಿ' ಎಂದು ಬರೆದಿರುವ ಹಿತ್ತಾಳೆ ಫಲಕವನ್ನು ತೆಗೆಸಿ, ಅದು ಎಲ್ಲಿ ಹೇಗೆ ಸತ್ತಿತು ಎಂಬುದನ್ನು ಬರೆಸಿ. ಅತಿಥಿ ನೀವು. ಅದು ಮನೆಯದು.

ಬರುವ ವಾರ ಉದ್ಘಾಟನೆಯಲ್ಲಿ ತಾವು ಅಲ್ಲಿ ಗುಂಡಿ ಒತ್ತಿ ಮಾದರಿಯನ್ನು ತಿರುಗಿಸಲಿದ್ದೀರಿ. ಚಪ್ಪಾಳೆ ಬೀಳುತ್ತದೆ. ಬೆಟ್ಟದ ಮೇಲಿನ ಇನ್ನೊಂದು ಗುಂಡಿಗೆ ಚಪ್ಪಾಳೆ ಇಲ್ಲ. ಅದನ್ನು ಒತ್ತಿ ನಿಲ್ಲಿಸಿದರೆ ನೋಡುವವರು ಯಾರು? ಕೆಳಗಿನ ರಸ್ತೆಯ ತಿರುವಿನಲ್ಲಿ ನನ್ನ ಅಕ್ಕ. ಅವಳೀಗ ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತಾಳೆ. ಗಂಡು ಹಕ್ಕಿ ಹೊರಟಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ, ವ್ಯಾನಿನಲ್ಲಿ ಕೂತ ಭಾವ "ದಾಟ್ತು ಕಣೇ" ಎಂದಮೇಲೆ ತೆರೆಯುತ್ತಾಳೆ. ಮೊನ್ನೆ ಅದು ಸಂಜೆಯ ತನಕ ವಾಪಸ್ ಬರಲಿಲ್ಲವಂತೆ. ಕತ್ತಲಾಗುವ ಮೊದಲು ಬಂತಂತೆ. ಆ ಹೊತ್ತಿಡೀ ಮರಿ ಗೂಡಿನ ಅಂಚಿಗೆ ಬಂದು ನಿಂತಿತ್ತಂತೆ.

ಕೊನೆಯದಾಗಿ ಒಂದು ವಿಷಯ. ನಿಮ್ಮ ಪ್ರದರ್ಶನ ಅಧಿಕಾರಿ ನಿನ್ನೆ ಮತ್ತೆ ಫೋನ್ ಮಾಡಿದ್ದರು. ಹಕ್ಕಿ ಕಚೇರಿಯಲ್ಲಿ ಎಲ್ಲರಿಗೂ ಮೆಚ್ಚುಗೆಯಾಗಿದೆಯಂತೆ. "ಆದ್ರೆ ಸರ್, ಒಂದೇ ಇದ್ರೆ ಯಾಕೋ ಒಂಟಿ ಅನ್ಸತ್ತೆ. ಇನ್ನೊಂದು ಸಿಕ್ಕಿದ್ರೆ ಜೋಡಿಯಾಗ್ತಿತ್ತು. ಒಂದು ಮರೀನೂ ಇದ್ದಿದ್ರೆ ಮಕ್ಕಳಿಗೆ ಎಷ್ಟು ಚೆನ್ನಾಗಿರತ್ತೆ ಅಲ್ವಾ?" ನಾನು ಬಂಡೆಯ ಮೇಲಿನ ಗೂಡಿನ ಕತೆ ಹೇಳಿದೆ. ಆಮೇಲೆ, "ಸರ್, ನಾನು ಕೇಳಿದ್ದನ್ನ ವಾಪಸ್ ತಗೋತೀನಿ" ಎಂದು ಫೋನ್ ಇಟ್ಟರು.

ಅವರು ವಾಪಸ್ ತೆಗೆದುಕೊಂಡಿದ್ದಾರೆ. ಆದರೆ ಕೋರಿಕೆಯನ್ನು ಪೂರೈಸುವ ಸಾಮರ್ಥ್ಯ ಇರುವುದು ಅವರ ಕೈಯಲ್ಲಲ್ಲ, ತಮ್ಮ ಎರಡು ಯಂತ್ರಗಳಲ್ಲಿ. ಅವು ಇವತ್ತೂ ತಿರುಗುತ್ತಿವೆ, ಕಿಟಕಿಯಿಂದ ಕಾಣುತ್ತಿವೆ. ನನ್ನ ಮೇಜು ಒರೆಸಿ ಇಟ್ಟಿದ್ದೇನೆ, ಫ್ರಿಜ್ಜಿನಲ್ಲಿ ಒಂದು ದೊಡ್ಡ ಹಕ್ಕಿ ಮತ್ತು ಒಂದು ಮರಿ ಹಿಡಿಸುವಷ್ಟು ಜಾಗ ಇದೆ. ಆ ಜಾಗ ಖಾಲಿ ಉಳಿಯಲಿ.

ಇಂತಿ,
ಕೆಲಸವಿಲ್ಲದೆ ಕೂತಿರಲು ಬಯಸುವ,
ನಿಮ್ಮ ಸಾಯದ ಹಕ್ಕಿಗೆ ಹತ್ತಿ ತುಂಬಿದವನು